ಅಟ್ಟದ ಮೇಲಿನ ಸದ್ದು

"ಹುಳ ಸಾಕೋ ಮನೇಗೆ ಇಲಿ ತಂದಿದ್ದೀಯಲ್ಲೇ, ನಿಂಗೇನು ತಲೆ ನೆಟ್ಟಗೈತಾ?"

ಲಕ್ಷ್ಮೀದೇವಮ್ಮ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ನಡುಮನೆಯಲ್ಲಿ ಧೊಪ್ಪನೆ ಇಳಿಸಿ ಮಗಳತ್ತ ಕೈ ಚಾಚಿದಳು. ಅಂಜಿನಮ್ಮ ಲಂಗದ ಮಡಿಲನ್ನು ಹೊಟ್ಟೆಗೊತ್ತಿ ಹಿಡಿದು ಗೋಡೆಗೆ ಅಂಟಿಕೊಂಡಳು.

"ನೀನೇ ತಾನೇ ಅವ್ವ, ಕುಡುಗೋಲಲ್ಲಿ ಕುಯ್ದಿದ್ದು? ನೋಡು, ಹಿಂಗಾಲು ಜೋತಾಡ್ತೈತೆ."

"ಗಿಡದ ಬುಡದಾಗೆ ಬಂದು ಕೂತಿದ್ರೆ ನಾನೇನು ಮಾಡ್ಲಿ? ಬಿಸಾಕು ಅಂದ್ರೆ ಬಿಸಾಕು. ಒಂದು ರಾತ್ರಿ ರೇಷ್ಮೆ ತಟ್ಟೆ ಹತ್ತಿದ್ರೆ ಮುಗೀತು, ಹುಳಾನೆಲ್ಲ ಕಡಲೆಕಾಯಿ ತಿಂದಂಗೆ ತಿಂತದೆ."

"ಇದಕ್ಕೆ ನಡೆಯಾಕೇ ಬರಾಕಿಲ್ಲ, ತಟ್ಟೆ ಹೆಂಗೆ ಹತ್ತುತ್ತೆ?"

ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಅಮ್ಮಯಮ್ಮ ಅಲ್ಲಿಂದಲೇ ಕೂಗಿದಳು. "ಬಿಡೇ ಲಕ್ಷ್ಮೀದೇವಿ. ಹೊಲದ ಚಿಟ್ಟಿಲಿ, ಹೆಬ್ಬೆರಳಷ್ಟಿಲ್ಲ. ಬಾಗ್ಲಿಗೆ ಬಂದ ಜೀವಾನ ಬಸುರಿ ಇರೋ ಮನೇಲಿ ಕೊಲ್ಲಬಾರ್ದು."

ಬಸುರಿ ಎಂದ ಮೇಲೆ ಲಕ್ಷ್ಮೀದೇವಮ್ಮ ಚಾಚಿದ ಕೈ ಹಿಂತೆಗೆದು ಸೊಪ್ಪಿನ ಹೊರೆ ಬಿಚ್ಚತೊಡಗಿದಳು. ಮೈದುನ ಗೋಪಾಲಪ್ಪನ ಹೆಂಡತಿ ಭಾಗ್ಯಮ್ಮನಿಗೆ ಎರಡು ಸಲ ನಿಲ್ಲದ ಬಸಿರು ಈ ಸಲ ಆರು ತಿಂಗಳು ದಾಟಿತ್ತು. ಅವಳ ಹೆಸರು ಹೇಳಿದರೆ ಆ ಮನೆಯಲ್ಲಿ ಎಂಥ ಜಗಳವೂ ತಗ್ಗುತ್ತಿತ್ತು.

ಭಾಗ್ಯಮ್ಮನೇ ಇಲಿಯ ಕಾಲಿಗೆ ಅರಿಶಿನ, ಹರಳೆಣ್ಣೆ ಸವರಿ, ಪೊರಕೆ ಕಡ್ಡಿ ಮುರಿದು ಆಸರೆ ಕೊಟ್ಟು ನೂಲಿನಲ್ಲಿ ಕಟ್ಟಿದಳು. ತನಗೆಂದು ಎತ್ತಿಟ್ಟಿದ್ದ ಹಾಲಿನಲ್ಲಿ ಹತ್ತಿಯ ಬತ್ತಿ ಅದ್ದಿ ಅದರ ಮೂತಿಗೆ ಹಿಡಿದಳು. ಇಲಿ ಬತ್ತಿಯನ್ನು ಮುಂಗಾಲುಗಳಲ್ಲಿ ಹಿಡಿದು ಚೀಪಿತು.

"ಅಯ್ಯೋ ಚಿಕ್ಕವ್ವ, ಮಗು ಥರ ಹಿಡ್ಕೊಂತೈತೆ!"

"ನಂಗೂ ಅಭ್ಯಾಸ ಆಗ್ಲಿ ಬಿಡೇ," ಎಂದು ಭಾಗ್ಯಮ್ಮ ನಕ್ಕಳು.

ಯುದ್ಧ ಶುರುವಾದ ಮೇಲಿನ ನಾಲ್ಕನೆಯ ಚಳಿಗಾಲ ಅದು. ಸೀಮೆಎಣ್ಣೆಗೂ ಬಟ್ಟೆಗೂ ಪರದಾಟವಿದ್ದರೂ ರೇಷ್ಮೆಗೂಡಿಗೆ ಮಾತ್ರ ಯಾರೂ ಕೇಳರಿಯದ ಬೆಲೆ ಬಂದಿತ್ತು. ಆಕಾಶದಿಂದ ಸಿಪಾಯಿಗಳು ಹಿಡಿದುಕೊಂಡು ಇಳಿಯುವ ಕೊಡೆಗೆ ರೇಷ್ಮೆಯೇ ಆಗಬೇಕಂತೆ ಎಂದು ಸೂಲಿಬೆಲೆ ಸಂತೆಯಲ್ಲಿ ಹೇಳುತ್ತಿದ್ದರು. ವೆಂಕಟರಾಯಪ್ಪ ನಡುಮನೆಯನ್ನೆಲ್ಲ ಹುಳಕ್ಕೆ ಬಿಟ್ಟುಕೊಟ್ಟಿದ್ದ. ಬಿದಿರಿನ ತಟ್ಟೆಗಳು ಸೂರಿನವರೆಗೆ ಏರಿದ್ದವು. ಮನೆಯವರು ಅಡಿಗೆಮನೆಯಲ್ಲಿ, ಜಗುಲಿಯಲ್ಲಿ, ಅಟ್ಟದ ಕೆಳಗಿನ ಪಡಸಾಲೆಯಲ್ಲಿ ಮುದುರಿಕೊಂಡಿದ್ದರು. ಅಟ್ಟದ ಕೆಳಗಿನ ಬೆಚ್ಚನೆಯ ಮೂಲೆ ಭಾಗ್ಯಮ್ಮನದು.

ಎರಡು ವರ್ಷದ ಹಿಂದೆಯೂ ಹೀಗೇ ಹುಳ ಇಟ್ಟಿದ್ದರು. ಆಗ ಪಟೇಲ ಅಪ್ಪಯ್ಯಣ್ಣನ ಹಿತ್ತಲಲ್ಲಿ ಒಂದು ಸತ್ತ ಇಲಿ ಕಂಡಿತ್ತು. ಇಲಿ ಬಿತ್ತೆಂದರೆ ಪ್ಲೇಗು ಬಂತೆಂದೇ ಲೆಕ್ಕ. ಅಂದೇ ಊರೆಲ್ಲ ಮನೆ ಬಿಟ್ಟು ದಿಣ್ಣೆಯ ಮೇಲೆ ಗುಡಿಸಲು ಹಾಕಿಕೊಂಡಿತು. ಊರಬಾಗಿಲಿಗೆ ಮುಳ್ಳು ಹಾಕಿದ ಮೇಲೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಒಬ್ಬರಿಗೂ ಜ್ವರ ಬರಲಿಲ್ಲ. ಅದು ಬೆಕ್ಕು ಕಚ್ಚಿ ಹಾಕಿದ ಇಲಿ ಎಂದು ಆಮೇಲೆ ಪಟೇಲನೇ ಒಪ್ಪಿಕೊಂಡ. ಮರಳಿ ಬಂದು ಬಾಗಿಲು ತೆಗೆದಾಗ ವೆಂಕಟರಾಯಪ್ಪನ ಹುಳುಗಳು ಸೊಪ್ಪಿಲ್ಲದೆ ತಟ್ಟೆಯಲ್ಲೇ ಕಪ್ಪಾಗಿ ಕೊಳೆತಿದ್ದವು. ತಟ್ಟೆ ತಟ್ಟೆಯಾಗಿ ಅವನೇ ಹೊತ್ತು ತಿಪ್ಪೆಗೆ ಸುರಿದಿದ್ದ. ಆ ನಾತ ಈಗಲೂ ಊಟದ ನಡುವೆ ಮೂಗಿಗೆ ಬರುತ್ತದೆ ಎಂದು ಅವನು ಹೇಳುವುದಿತ್ತು.

ಇಲಿಗೆ ಮೊದಲು ಒಂದು ಒಡೆದ ಮಡಕೆಯಲ್ಲಿ ಗೂಡು ಮಾಡಿದರು. ಅಂಜಿನಮ್ಮ ಊಟಕ್ಕೆ ಕೂತರೆ ಮುದ್ದೆಯ ಚೂರೊಂದನ್ನು ಕೈಯಲ್ಲಿ ಮುಚ್ಚಿಕೊಂಡು ಏಳುತ್ತಿದ್ದಳು. ಹಿದುಕಿದ ಅವರೆಬೇಳೆ ಅದಕ್ಕೆ ಇಷ್ಟವೆಂದು ಕಂಡುಕೊಂಡಿದ್ದಳು. ವಾರ ಕಳೆಯುವುದರೊಳಗೆ ಅದು ಕಟ್ಟಿದ ಕಾಲನ್ನು ಎಳೆದುಕೊಂಡು ಮಡಕೆಯೊಳಗೆ ಸುತ್ತತೊಡಗಿತು.

"ಇಲಿ ಅಂದ್ರೆ ಮನೆ ಕಾಯೋ ತಳವಾರ ಕಣೇ," ಎಂದು ಅಜ್ಜಿ ಹೇಳಿದಳು. ಅವಳ ಕಣ್ಣಿಗೆ ಪೊರೆ ಬಂದು ಮುಖಗಳೆಲ್ಲ ಹೊಗೆಯಾಗಿದ್ದವು. ಕಿವಿ ಮಾತ್ರ ಚುರುಕು. "ಮಾರಿ ಬಂದ್ರೆ ಮೊದ್ಲು ಅದರ ಎದೆ ಮ್ಯಾಲೆ ಕಾಲಿಡ್ತಾಳೆ. ನಾನು ಈ ಮನೇಗೆ ಸೊಸೆಯಾಗಿ ಬಂದ ವರ್ಷ ಅಟ್ಟ ಇದ್ದಕ್ಕಿದ್ದಂಗೆ ಸುಮ್ಮನಾಯ್ತು. ಬೆಕ್ಕು ಚೆನ್ನಾಗಿ ಹಿಡೀತೈತೆ ಅಂತ ನಮ್ಮತ್ತೆ ಬೆಕ್ಕಿಗೆ ಹಾಲು ಹಾಕಿದ್ಲು. ಆ ಹಾಲು ಬಟ್ಟಲಲ್ಲಿ ಹಂಗೇ ಇತ್ತು, ಅತ್ತೇನೂ ಹೋದ್ಲು, ಮಾವನೂ ಹೋದ, ಇಬ್ಬರು ಮೈದುನರೂ ಹೋದ್ರು."

"ಆಮೇಲೆ ಅಜ್ಜಿ?"

"ಆಮೇಲೆ ನಾನು ದಿನಾ ಸಂಜೆ ಕಿವಿಗೊಟ್ಟು ಕೇಳೋದು ಕಲ್ತೆ. ಅಟ್ಟದ ಮ್ಯಾಲೆ ಸದ್ದು ಇರೋವರೆಗೆ ಭಯ ಇಲ್ಲ."

ಅಮ್ಮಯಮ್ಮ ಹೇಳುವ ಕಥೆಗೆ ಒಂದು ಕಟ್ಟಿತ್ತು. ಹಿಡಿದ ಕಥೆಯನ್ನು ಅವಳು ಅರ್ಧಕ್ಕೆ ಬಿಡುತ್ತಿರಲಿಲ್ಲ. ಕೇಳುವವರು ನಿದ್ದೆ ಹೋದರೂ ಗೋಡೆಗೆ ಹೇಳಿಯಾದರೂ ಮುಗಿಸುತ್ತಿದ್ದಳು. ಮುಗಿಯದ ಕಥೆ ಹೊಸ್ತಿಲ ಮೇಲೆ ಕಾದು ಕೂರುತ್ತದೆ, ಬೆಳಗಾಗುವುದರೊಳಗೆ ತನ್ನ ಕೊನೆಯನ್ನು ತಾನೇ ಹುಡುಕಿಕೊಳ್ಳುತ್ತದೆ ಎನ್ನುತ್ತಿದ್ದಳು.

ಹುಳ ಮೂರನೆಯ ಸಲ ಪೊರೆ ಬಿಟ್ಟು ಎದ್ದ ಹೊತ್ತಿಗೆ ಸಂತೆಯಿಂದ ಗೋಪಾಲಪ್ಪ ಮುಖ ಬಾಡಿಸಿಕೊಂಡು ಬಂದ. ಚೀಲ ಇಳಿಸುವ ಮೊದಲೇ ಹೇಳಿದ. "ಅಣ್ಣ, ಕೆರೆ ಆಚೆ ಊರಲ್ಲಿ ಇಲಿ ಬಿದ್ದವಂತೆ. ಸಂತೇಲಿ ಸೂಜಿ ಹಾಕೋ ಡಾಕ್ಟ್ರು ಕೂತವ್ರೆ. ನಾನು ಹಾಕಿಸ್ಕೊಂಡು ಬಂದೆ. ನೋಡು, ತೋಳು ಎತ್ತಾಕಾಯ್ತಿಲ್ಲ."

"ಆ ತೋಳಲ್ಲಿ ನಾಳೆ ಸೊಪ್ಪು ಹೆಂಗೆ ಕುಯ್ತೀಯೋ?" ಎಂದ ವೆಂಕಟರಾಯಪ್ಪ.

"ಸೊಪ್ಪಿನ ಮಾತು ಆಮೇಲೆ. ಭಾಗ್ಯಾನ ಸಾಸಲಿಗೆ, ತವರಿಗೆ ಬಿಟ್ಟು ಬರ್ತೀನಿ. ಗಾಡಿ ಕೊಡು."

"ಬಸುರೀನ ಅಷ್ಟು ದೂರ ಗಾಡೀಲಿ ಕುಲುಕಿಸಿಕೊಂಡು ಹೋಗ್ತೀಯಾ? ಎರಡು ಸಲ ಆಗಿದ್ದು ಮರ್ತೋಯ್ತಾ?"

"ಸೂಜೀನಾದ್ರೂ ಹಾಕಿಸ್ತೀನಿ."

"ಬಸುರಿಗೆ ಸೂಜಿ ಬ್ಯಾಡ ಕಣಪ್ಪ," ಎಂದಳು ಅಮ್ಮಯಮ್ಮ. "ನೆರೆಮನೆ ರುಕ್ಮಿಣಮ್ಮನ ಮಗಳಿಗೆ ಸೂಜಿ ಹಾಕ್ಸಿ ಏನಾಯ್ತು?"

"ಅವಳಿಗೆ ಸೂಜಿಯಿಂದ ಆಗಿದ್ದಲ್ಲ ಅವ್ವ, ಬಾವಿಕಟ್ಟೇಲಿ ಜಾರಿ ಬಿದ್ದಿದ್ಲು."

"ಎಲ್ಲಾ ಒಟ್ಟೊಟ್ಟಿಗೇ ಬರೋದು."

ಗೋಪಾಲಪ್ಪ ಅಣ್ಣನ ಕಡೆ ತಿರುಗಿದ. "ಇಲಿ ಬಿದ್ರೆ ಮಾತ್ರ ನಾನು ಒಂದು ಗಳಿಗೆ ಇರೋನಲ್ಲ. ಹುಳ ಇರ್ಲಿ, ಹೊನ್ನಿರ್ಲಿ."

"ಬಿದ್ರೆ ನಾನೇ ಮೊದ್ಲು ಚಾಪೆ ಸುತ್ತುತೀನಿ ಕಣ್ಲಾ. ಬೀಳ್ಬೇಕಲ್ಲ!"

ಬಿದ್ದದ್ದು ಅದಾದ ಕೆಲವೇ ದಿನಕ್ಕೆ. ಬೆಳಗ್ಗೆ ರಾಗಿ ತೆಗೆಯಲು ಹೋದ ಲಕ್ಷ್ಮೀದೇವಮ್ಮನಿಗೆ ಗುಡಾಣದ ಹಿಂದೆ ಒಂದು ದೊಡ್ಡ ಮನೆ ಇಲಿ ಬಾಯಲ್ಲಿ ರಕ್ತ ಕಾರಿಕೊಂಡು ಬಿದ್ದದ್ದು ಕಂಡಿತು. ಮೈ ಮೇಲೆ ಗಾಯವಿರಲಿಲ್ಲ. ಅವಳು ಕೂಗಲಿಲ್ಲ. ಮೊರವನ್ನು ಅದರ ಮೇಲೆ ಕವುಚಿ ಗಂಡನನ್ನು ಕರೆದುಕೊಂಡು ಬಂದಳು.

"ಬೆಕ್ಕೇ ಇರಬೈದು," ಎಂದ ವೆಂಕಟರಾಯಪ್ಪ, ಬಹಳ ಹೊತ್ತು ನೋಡಿ.

"ಬೆಕ್ಕಿನ ಹಲ್ಲು ಎಲ್ಲೈತೆ?"

"ಹೋದ ಸಲವೂ ಹಿಂಗೇ ಪ್ಲೇಗು ಅಂದ್ರು."

"ಹೇಳ್ಬಿಡಾಣ. ಮನೇಲಿ ಬಸುರಿ ಅವ್ಳೆ."

"ಹುಳ ನಾಲ್ಕನೇ ಸಲ ಪೊರೆ ಬಿಡೋ ಜ್ವರಕ್ಕೆ ಕೂತೈತೆ. ಎದ್ದ ಮ್ಯಾಲೆ ಒಂದು ವಾರ ತಿಂದ್ರೆ ಹಣ್ಣಾಗಿ ಗೂಡು ಕಟ್ತದೆ. ದಿಣ್ಣೆ ಗಾಳೀಗೆ ಒಯ್ದ್ರೆ ಒಂದೂ ಉಳಿಯಾಕಿಲ್ಲ. ನೀನೇ ಹೇಳು, ಇನ್ನೊಂದ್ಸಲ ತಿಪ್ಪೇಗೆ ಹೊರ್ತೀಯಾ?"

ಲಕ್ಷ್ಮೀದೇವಮ್ಮ ತಟ್ಟೆಗಳ ಕಡೆ ನೋಡಿದಳು. ಹುಳುಗಳು ತಲೆ ಎತ್ತಿ ಕಲ್ಲಾದಂತೆ ನಿಂತಿದ್ದವು. ಅವಳು ಮೊರವನ್ನು ಎತ್ತಿಕೊಂಡಳು. ಗಂಡ ಇಲಿಯನ್ನು ತಿಪ್ಪೆಯ ಅಡಿಯಲ್ಲಿ ಹೂತು ಬಂದು ಬೂದಿಯಲ್ಲಿ ಕೈ ತೊಳೆದ.

ಆ ಸಂಜೆ ಅಮ್ಮಯಮ್ಮ ಮುದ್ದೆ ಮುರಿಯುತ್ತ ತಲೆ ಎತ್ತಿದಳು. "ಯಾಕೆ, ಅಟ್ಟ ಸುಮ್ಮನೈತಲ್ಲ?"

ಗೋಪಾಲಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ಹೌದಲ್ಲ. ನಿನ್ನೇನೂ ಕೇಳ್ಲಿಲ್ಲ."

"ಚಳಿಗೆ ಅವೂ ಮುದುರ್ಕೊಂಡವೆ," ಎಂದ ವೆಂಕಟರಾಯಪ್ಪ. ಸಾರು ಸುರಿದುಕೊಂಡು ಬೇಗ ಬೇಗ ಉಂಡು ಎದ್ದ.

ಮಾರನೆಯ ದಿನ ಅವನು ಒಂದು ಖಾಲಿ ಸೀಮೆಎಣ್ಣೆ ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದು ಮಗಳನ್ನು ಕರೆದ. "ನಿನ್ನ ಇಲಿ ಮಡಕೇಲಿದ್ರೆ ಬೆಕ್ಕು ಬಾಯಿ ಹಾಕ್ತದೆ. ಇದ್ರಾಗೆ ಬಿಡು. ಅಟ್ಟದ ಮ್ಯಾಲೆ ಬೆಚ್ಚಗಿಡ್ತೀನಿ."

ಅಂಜಿನಮ್ಮನಿಗೆ ನಂಬಿಕೆಯಾಗಲಿಲ್ಲ. "ನಿಜವಾಗ್ಲೂ ಅಪ್ಪ?"

"ನೀನು ಏಣಿ ಹತ್ತಬ್ಯಾಡ, ಬಿದ್ದುಗಿದ್ದೀಯ. ಕಾಳು ನಾನೇ ಹಾಕ್ತೀನಿ."

ಅವ್ವ ಬಿಸಾಕು ಎಂದಿದ್ದ ಇಲಿಗೆ ಅಪ್ಪನೇ ಮನೆ ಮಾಡಿಕೊಟ್ಟನೆಂದು ಅವಳು ಕುಣಿದುಕೊಂಡು ಹೋಗಿ ಚಿಕ್ಕವ್ವನಿಗೆ ಹೇಳಿದಳು. ಚಿಕ್ಕವ್ವ ಇಲಿಯ ಕಾಲಿನ ಕಟ್ಟು ಬಿಚ್ಚಿದಳು. ಮೂಳೆ ಕೂಡಿತ್ತು, ಸ್ವಲ್ಪ ಕುಂಟು ಉಳಿದಿತ್ತು, ಅಷ್ಟೆ.

ತಗಡಿನ ಡಬ್ಬದಲ್ಲಿ ಹೆಬ್ಬೆರಳಷ್ಟೂ ಇಲ್ಲದ ಇಲಿಯ ಕೆರೆತ ದೊಡ್ಡ ಹೆಗ್ಗಣದ ಓಡಾಟದಂತೆ ಕೇಳಿಸುತ್ತಿತ್ತು. ಸಂಜೆಯಾದರೆ ಸಾಕು, ಕರ ಕರ, ಟಕ ಟಕ. ವೆಂಕಟರಾಯಪ್ಪ ಡಬ್ಬವನ್ನು ಹಲಗೆಯ ಮೇಲೆ ಸರಿಯಾಗಿ ನಡುವಿಗೆ ಇಟ್ಟಿದ್ದ. ಅಲ್ಲಿ ಇಲಿ ಇಟ್ಟಿರುವುದನ್ನು ತಾಯಿ ಅಮ್ಮಯಮ್ಮನಿಗಾಗಲಿ ತಮ್ಮ ಗೋಪಾಲಪ್ಪನಿಗಾಗಲಿ ಯಾರೂ ಹೇಳಲಿಲ್ಲ. ತಮ್ಮ ದಿನವೆಲ್ಲ ತೋಟದಲ್ಲಿ. ಮಡಕೆ ಖಾಲಿಯಾದದ್ದನ್ನೂ ಅವನು ಗಮನಿಸಲಿಲ್ಲ. ಭಾಗ್ಯಮ್ಮ ಮಾತ್ರ ಅದನ್ನು ಬಲ್ಲಳು. ಆದರೆ ಬೇರೆ ಇಲಿಗಳ ಸದ್ದು ಇಲ್ಲವೆಂದು ಅವಳಿಗೆ ಹೊಳೆಯಲಿಲ್ಲ. ತಲೆಯ ಮೇಲೆ ತನ್ನ ಸಾಕುಮರಿ ಓಡಾಡುತ್ತಿದೆ ಎಂದು ಖುಷಿಯಾಗಿ ಮಲಗುತ್ತಿದ್ದಳು.

"ಕೇಳಿದ್ಯೇನೋ ಗೋಪಾಲ," ಎಂದಳು ಅಮ್ಮಯಮ್ಮ. "ಬಂದವೆ. ಭಯ ಇಲ್ಲ."

ಗೋಪಾಲಪ್ಪ ಕಿವಿಗೊಟ್ಟು ಕೇಳಿ ಉಸಿರು ಬಿಟ್ಟ. ಸಾಸಲಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಪಟೇಲ ಅಪ್ಪಯ್ಯಣ್ಣ ಮನೆಮನೆಗೆ ಬಂದು ಇಲಿ ವಿಚಾರಿಸುತ್ತ ಇವರ ಅಂಗಳದಲ್ಲೂ ನಿಂತ. "ಏನಪ್ಪಾ ವೆಂಕಟರಾಯಪ್ಪ, ನಿಮ್ಮಲ್ಲಿ ಏನೂ ಬಿದ್ದಿಲ್ವಾ? ಮುಚ್ಚಿಟ್ರೆ ಊರಿಗೇ ಬೆಂಕಿ ಇಟ್ಟಂಗೆ."

"ನೀವೇ ಕೇಳಿ."

ಎಲ್ಲರೂ ತಲೆ ಎತ್ತಿದರು. ಅಟ್ಟದ ಮೇಲೆ ಕರ ಕರ ಸದ್ದು ಓಡಿ ನಿಂತು ಮತ್ತೆ ಓಡಿತು.

"ಕೊಬ್ಬು ನೋಡು ಇವಕ್ಕೆ," ಎಂದು ಪಟೇಲ ನಕ್ಕ. "ನಿನ್ನ ಹುಳ ತಿಂದು ಕುಸ್ತಿ ಆಡ್ತಾವೆ."

"ಅಲ್ಲ, ಅದು ನಂದು..." ಎಂದು ಅಂಜಿನಮ್ಮ ಬಾಯಿ ತೆಗೆದಳು. ಹಿಂದಿನಿಂದ ಅವ್ವನ ಕೈ ಅವಳ ತೋಳನ್ನು ಹಿಡಿಯಿತು. ಪಟೇಲ ಆಗಲೇ ಪಕ್ಕದ ಮನೆಯ ಕಡೆ ತಿರುಗಿದ್ದ.

ಹುಳ ನಾಲ್ಕನೆಯ ಜ್ವರದಿಂದ ಎದ್ದಿತು. ಅಲ್ಲಿಂದ ಮನೆಯಲ್ಲಿ ಯಾರಿಗೂ ಕೂರಲು ಬಿಡುವಿರಲಿಲ್ಲ. ಕುಯ್ದು ತಂದಷ್ಟೂ ಸೊಪ್ಪು ಕರಗುತ್ತಿತ್ತು. ಸಾವಿರಾರು ಬಾಯಿ ಒಟ್ಟಿಗೆ ಮೇಯುವ ಸದ್ದು ಹಂಚಿನ ಮೇಲೆ ಜಡಿಮಳೆ ಬಿದ್ದಂತೆ. ಒಲೆಯ ಮೇಲೆ ಸಾರು ಹಳಸಿದರೂ ಕೇಳುವವರಿಲ್ಲ. ನಿಂತಲ್ಲೇ ತಣ್ಣನೆ ಮುದ್ದೆ ನುಂಗುತ್ತಿದ್ದರು. ಹೊಟ್ಟೆ ಹೊತ್ತ ಭಾಗ್ಯಮ್ಮನೂ ಗೋಡೆಗೊರಗಿ ಸೊಪ್ಪು ಹೆಚ್ಚುತ್ತಿದ್ದಳು.

ಆ ಗಡಿಬಿಡಿಯಲ್ಲಿ ಒಂದು ದಿನ ಅಪ್ಪ ಇಲಿಗೆ ಕಾಳು ಹಾಕುವುದನ್ನು ಮರೆತಿರಬೇಕೆಂದು ಅಂಜಿನಮ್ಮನಿಗೆ ಅನ್ನಿಸಿತು. ಎಲ್ಲರೂ ತೋಟದಲ್ಲಿದ್ದಾಗ ಅವರೆಬೇಳೆ ಲಂಗದ ಮಡಿಲಿಗೆ ಕಟ್ಟಿಕೊಂಡು ಏಣಿ ಹತ್ತಿದಳು. ಮೇಲೆ ಕತ್ತಲೆ, ಏನೋ ಸಿಹಿ ಕೊಳೆತ ವಾಸನೆ. ಡಬ್ಬ ಕಂಡಿತು. ಡಬ್ಬದ ಆಚೆ ಒಂದು ಇಲಿ ಅಂಗಾತ ಬಿದ್ದಿತ್ತು. ಅದರಾಚೆ ಮೂಲೆಯಲ್ಲಿ ಇನ್ನಷ್ಟು. ತಾಯಿಯ ಪಕ್ಕ ಸಾಲಾಗಿ ಮರಿಗಳು. ಡಬ್ಬದೊಳಗಿನದು ಮಾತ್ರ ಅವಳ ವಾಸನೆ ಹಿಡಿದು ತೂತಿನಿಂದ ಮೂತಿ ಚಾಚಿತು.

ಇಳಿಯುವಾಗ ಕೆಳಗೆ ಅಪ್ಪ ಸೊಪ್ಪಿನ ಹೊರೆ ಹೊತ್ತು ನಿಂತಿದ್ದ.

"ಹತ್ತಬ್ಯಾಡ ಅಂದಿರ್ಲಿಲ್ವಾ?"

"ಅಪ್ಪ, ಎಲ್ಲಾ ಬಿದ್ದವೆ. ಅಜ್ಜಿ ಹೇಳಿದ್ಲು..."

ವೆಂಕಟರಾಯಪ್ಪ ಹೊರೆ ಇಳಿಸಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಅವನ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. "ನೋಡವ್ವ, ಹುಳ ಹಣ್ಣಾಗೋವರ್ಗೂ ಸುಮ್ಮನಿರು. ಆಮೇಲೆ ನಾನೇ ಹೇಳ್ತೀನಿ. ಈಗ ಬಾಯಿಬಿಟ್ರೆ ಪಟೇಲ್ರು ಆಳು ಕಳಿಸ್ತಾರೆ. ಮನೇಲಿರೋ ಇಲಿಗಳನ್ನೆಲ್ಲ ಬಡಿದು ಸುಡ್ತಾರೆ. ನಿನ್ನದು ಹೊಲದ್ದು, ಪಾಪದ್ದು ಅಂತ ಯಾರು ಬಿಡ್ತಾರೆ?"

ಅವಳು ಯಾರಿಗೂ ಹೇಳಲಿಲ್ಲ. ಆ ಸಂಜೆ ಭಾಗ್ಯಮ್ಮನ ಚಾಪೆಯನ್ನು ಎಳೆದುಕೊಂಡು ಜಗುಲಿಯ ಕಡೆ ನಡೆದಳು.

"ಎಲ್ಲಿಗೆ ಒಯ್ತೀಯೇ ನನ್ನ ಚಾಪೇನ?"

"ಜಗುಲೀಲಿ ಮಲಗು ಚಿಕ್ಕವ್ವ. ನನ್ನ ಜತೆ."

"ಈ ಚಳೀಲಾ? ನಿನ್ನ ಇಲಿಗೆ ಬೆಚ್ಚನೆ ಮೂಲೆ, ನಂಗೆ ಜಗುಲಿನಾ? ಒಳ್ಳೆ ನ್ಯಾಯ ಕಣೇ ನಿಂದು." ಭಾಗ್ಯಮ್ಮ ಚಾಪೆಯನ್ನು ಕಿತ್ತುಕೊಂಡು ಅಟ್ಟದ ಕೆಳಗೇ ಹಾಸಿದಳು. ಕೂತು ಕಾಲು ತುರಿಸಿಕೊಂಡಳು. "ಏನು ಚಿಗಟವೋ ಈ ವರ್ಷ, ಮೈಯೆಲ್ಲ ಕಡಿದಿಟ್ಟವೆ."

ಎರಡು ದಿನ ಬಿಟ್ಟು ಭಾಗ್ಯಮ್ಮ ಚಾಪೆಯಿಂದ ಏಳಲಿಲ್ಲ. ಮೈ ಕಾದ ಹಂಚು. ನಾಲಿಗೆ ತೊದಲುತ್ತಿತ್ತು. ಲಕ್ಷ್ಮೀದೇವಮ್ಮ ಹಣೆಗೆ ಒದ್ದೆ ಬಟ್ಟೆ ಹಾಕಿ, ಮೆಣಸಿನ ಕಷಾಯ ಕುಡಿಸಿ, ಸೀರೆ ಸರಿಪಡಿಸುವಾಗ ತೊಡೆಯ ಸಂದಿಯಲ್ಲಿ ಪ್ಲೇಗಿನ ಗಂಟು ಕಂಡು ಎದ್ದು ಹಿತ್ತಲಿಗೆ ಹೋದಳು. ಮತ್ತೆ ಬಹಳ ಹೊತ್ತು ಒಳಗೆ ಬರಲಿಲ್ಲ.

"ಬಸುರಿ ಜ್ವರ," ಎಂದ ವೆಂಕಟರಾಯಪ್ಪ, ಯಾರ ಮುಖವನ್ನೂ ನೋಡದೆ. "ಸೊಪ್ಪು ಹೆಚ್ಚಿ ದಣಿದವ್ಳೆ."

ದೀಪ ಹಚ್ಚಿದಾಗ ಅಮ್ಮಯಮ್ಮ ಎಂದಿನಂತೆ ಕೇಳಿದಳು. "ಅಂಜಿನಿ, ಅಟ್ಟದ ಮ್ಯಾಲೆ ಸದ್ದೈತೇನೇ?"

"ಐತಲ್ಲವ್ವ, ಕೇಳಿಸ್ತಿಲ್ವಾ?" ಎಂದ ಗೋಪಾಲಪ್ಪ, ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು.

"ಅದು ಡಬ್ಬದ ಒಳಗಿಂದು," ಎಂದಳು ಅಂಜಿನಮ್ಮ. "ನನ್ನ ಇಲಿ. ಹೊರಗಿನವೆಲ್ಲ ಬಿದ್ದವೆ ಅಜ್ಜಿ. ಮರಿ ಸಮೇತ ಬಿದ್ದವೆ."

ಗೋಪಾಲಪ್ಪ ಹೆಂಡತಿಯ ತಲೆಯನ್ನು ಮೆಲ್ಲಗೆ ಚಾಪೆಗೆ ಇಳಿಸಿದ. ಏಣಿ ಹತ್ತಿದ. ಮೇಲೆ ಅವನ ಹೆಜ್ಜೆ ಒಂದೆಡೆ ನಿಂತಿತು. ಡಬ್ಬ ಹಿಡಿದು ಇಳಿದು ಬಂದಾಗ ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ.

"ನಿಂಗೆ ಗೊತ್ತಿತ್ತಾ ಅಣ್ಣ?"

ವೆಂಕಟರಾಯಪ್ಪ ನಡುಮನೆಯ ತಟ್ಟೆಗಳ ಕಡೆ ನೋಡಿದ.

"ಅತ್ತಿಗೆ, ನಿಂಗೆ?"

ಲಕ್ಷ್ಮೀದೇವಮ್ಮ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದಳು.

"ಇನ್ನು ಮೂರೇ ದಿನ ಇತ್ತು ಕಣೋ," ಎಂದ ವೆಂಕಟರಾಯಪ್ಪ ಕೊನೆಗೆ. "ಹೋದ್ಸಲ ಯಾರಿಗೂ ಏನೂ ಆಗ್ಲಿಲ್ಲ. ನಿನ್ನ ಮಗೂಗೂ ಸೇರ್ಸೇ ನಾನು..."

"ಏಳ್ರಿ," ಎಂದಳು ಅಮ್ಮಯಮ್ಮ. ಕೋಲಿಗೂ ತಡಕಾಡದೆ ಗೋಡೆ ಹಿಡಿದು ಎದ್ದು ನಿಂತಿದ್ದಳು. "ಏನೂ ತಗೋಬ್ಯಾಡಿ. ಉಟ್ಟ ಬಟ್ಟೇಲಿ ಏಳ್ರಿ. ಗೋಪಾಲ, ಅವಳನ್ನ ಎತ್ಕೊ."

ಅವರು ಹೊರಡುವಾಗ ನಡುಮನೆಯಲ್ಲಿ ಹುಳುಗಳು ಮೇಯುತ್ತಲೇ ಇದ್ದವು. ಬಾಗಿಲು ಎಳೆದುಕೊಂಡ ಮೇಲೂ ಆ ಮಳೆಯ ಸದ್ದು ಬೀದಿಯವರೆಗೆ ಬಂತು.

ಊರು ದಿಣ್ಣೆಗೆ ಹೋಯಿತು. ಇವರ ಗುಡಿಸಲುಗಳನ್ನು ಎಲ್ಲರಿಂದ ದೂರ, ಹುಣಸೆಮರದಾಚೆ ಹಾಕಿಸಿದರು. ಭಾಗ್ಯಮ್ಮನದು ಇನ್ನೂ ಆಚೆ. ಪಟೇಲ ಇವರನ್ನು ಮಾತಾಡಿಸುವುದನ್ನು ಬಿಟ್ಟ. ರುಕ್ಮಿಣಮ್ಮ ದೂರದಲ್ಲಿ ನಿಂತು ಮಣ್ಣು ತೂರಿ ಶಪಿಸಿ ಹೋದಳು. ಅವಳ ಮನೆಯಲ್ಲೂ ಇಲಿಗಳು ಬಿದ್ದಿದ್ದವು. ಅಮ್ಮಯಮ್ಮ ಮಾತ್ರ ಯಾರು ಬೇಡವೆಂದರೂ ಕೇಳದೆ ಸೊಸೆಯ ಪಕ್ಕ ಹೋಗಿ ಕೂತಳು. "ನಾನು ಸೊಸೆಯಾಗಿ ಬಂದ ವರ್ಷವೇ ನನ್ನ ಬಿಟ್ಟೋದ ಮಾರಿ, ಈಗ ಈ ಮುದಿ ಮೂಳೇನ ಏನು ಮಾಡ್ತಾಳೆ?" ಎಂದಳು. ಭಾಗ್ಯಮ್ಮ ನರಳಿದಾಗಲೆಲ್ಲ ಅವಳು ಕಥೆ ಹೇಳುತ್ತಿದ್ದಳು. ಗಾಳಿ ಈ ಕಡೆ ಬೀಸಿದರೆ ಕಥೆಯ ಮಾತುಗಳು ಹುಣಸೆಮರದವರೆಗೆ ಕೇಳಿಸುತ್ತಿದ್ದವು.

ಮರುದಿನ ಬೆಳಗ್ಗೆ ಗೋಪಾಲಪ್ಪ ಹೊರಡುವಾಗ ಬಿಡದೆ ತಂದಿದ್ದ ಸೀಮೆಎಣ್ಣೆ ಡಬ್ಬವನ್ನು ಅಣ್ಣನ ಗುಡಿಸಲ ಮುಂದೆ ಇಟ್ಟ. "ಇದು ನಿನ್ನ ಹತ್ರಾನೇ ಇರ್ಲಿ. ಸದ್ದು ಇರೋವರ್ಗೂ ಭಯ ಇಲ್ವಲ್ಲ." ಅಷ್ಟು ಹೇಳಿ ಹೋದ.

ವೆಂಕಟರಾಯಪ್ಪ ಹಗಲೆಲ್ಲ ಅದರ ಎದುರು ಕೂತಿದ್ದ. ಇಲಿ ಕೆರೆಯುತ್ತಿತ್ತು. ಅದನ್ನು ದೂರ ಇಡು ಎಂದು ಅವನು ಯಾರಿಗೂ ಹೇಳಲಿಲ್ಲ.

ಮೂರನೆಯ ಸಂಜೆ ಲಕ್ಷ್ಮೀದೇವಮ್ಮ ಮುದ್ದೆ ತೊಳಸುತ್ತ ಕೋಲನ್ನು ನಿಲ್ಲಿಸಿ ಊರ ಕಡೆ ನೋಡಿದಳು. "ಇವತ್ತು ಹಣ್ಣಾಗಿರ್ತಾವೆ. ಗೂಡು ಕಟ್ಟಾಕೆ ಜಾಗ ಹುಡುಕ್ತಾ ತಲೆ ಆಡಿಸ್ತಿರ್ತಾವೆ," ಎಂದಳು. ಅವಳು ಮತ್ತೆ ತೊಳಸಿದಳು.

ಗೋಪಾಲಪ್ಪ ಗಂಜಿಗೆ ಬಂದು, ಎಂದಿನಂತೆ ಗುಡಿಸಲೊಳಗೆ ಬಾರದೆ ಮರದ ಬುಡದಲ್ಲಿ ನಿಂತ. "ಇವತ್ತು ಎರಡು ಗುಟುಕು ಕುಡಿದ್ಲು ಅತ್ತಿಗೆ. ಮಗು ಒದ್ದಂಗಾಯ್ತು ಅಂದ್ಲು."

"ಕುಡೀತಾಳೆ ಬಿಡಪ್ಪ, ಕುಡೀತಾಳೆ." ಲಕ್ಷ್ಮೀದೇವಮ್ಮ ಗಂಜಿಯ ತಂಬಿಗೆ ತುಂಬಿ ಮೇಲೆ ಎರಡು ಹರಳು ಉಪ್ಪು ಹಾಕಿದಳು. ಆಚೆಯಿಂದ ಅಮ್ಮಯಮ್ಮನ ದನಿ ತೇಲಿ ಬರುತ್ತಿತ್ತು. ಕಾಡಿನಲ್ಲಿ ದಾರಿ ತಪ್ಪಿದ ಸೊಸೆಯ ಕಥೆ. ದೀಪ ಕಂಡ ಮನೆಯ ಬಾಗಿಲು ತಟ್ಟುವ ಕಡೆಗೆ ಬಂದಿತ್ತು.

ಅಂಜಿನಮ್ಮ ಎದ್ದು ಡಬ್ಬದ ಮುಂದೆ ಕೂತಳು. ಅಪ್ಪ ತಡೆಯಲಿಲ್ಲ. ಅವಳು ಡಬ್ಬವನ್ನು ಓರೆ ಮಾಡಿ ಮುಚ್ಚಳ ತೆಗೆದಳು. ಇಲಿ ಅಂಚಿಗೆ ಬಂದು ಗಾಳಿ ಮೂಸಿತು. ಅವಳ ಬೆರಳು ಹತ್ತಿ, ಇಳಿದು, ಕುಂಟು ಕಾಲನ್ನು ಸ್ವಲ್ಪ ಎತ್ತಿ ಹಾಕುತ್ತ, ರಾಗಿ ಕೂಳೆಯ ನಡುವೆ ಓಡಿತು. ಒಮ್ಮೆಯೂ ತಿರುಗಿ ನೋಡಲಿಲ್ಲ. ಖಾಲಿ ಡಬ್ಬ ಅವಳ ಕೈಯಲ್ಲಿ ಹಗುರವಾಯಿತು.

"ಹೋಯ್ತಾ?" ಎಂದ ವೆಂಕಟರಾಯಪ್ಪ.

"ಹೋಯ್ತು."

ಡಬ್ಬದ ಕೆರೆತ ನಿಂತ ಮೇಲೆ ದಿಣ್ಣೆಯೆಲ್ಲ ಬರಿದಾದಂತಾಯಿತು. ಒಲೆಯಲ್ಲಿ ಕಡ್ಡಿ ಸಿಡಿದದ್ದು ಕೇಳಿಸಿತು. ಹುಣಸೆಯ ಎಲೆ ಉದುರಿದ್ದೂ ಕೇಳಿಸಿತು. ತಂಬಿಗೆಗೆ ಕೈ ಚಾಚಿದ್ದ ಗೋಪಾಲಪ್ಪ ಕೈಯನ್ನು ಹಾಗೇ ಹಿಡಿದು ತಲೆ ತಿರುಗಿಸಿದ. ಗಾಳಿ ಆ ಕಡೆಯಿಂದಲೇ ಬೀಸುತ್ತಿತ್ತು. ಭಾಗ್ಯಮ್ಮನ ನರಳಿಕೆಯೂ ಇರಲಿಲ್ಲ.

ದಾರಿ ತಪ್ಪಿದ ಸೊಸೆ ಇನ್ನೂ ಬಾಗಿಲ ಹೊರಗೇ ಇದ್ದಳು. ಎಂದೂ ಅರ್ಧಕ್ಕೆ ಬಿಡದ ಅಜ್ಜಿ ಕಥೆಯನ್ನು ನಿಲ್ಲಿಸಿದ್ದಳು.